ಆಯಿಯನ್ನು ಹೂಡಿಕೆ ಸೆಮಿನಾರಿಗೆ ಕರೆದುಕೊಂಡು ಹೋಗುವುದಾದರೆ

ಹೊರಡುವ ಮೊದಲೇ ಆಯಿಯ, ಅಂದರೆ ಅಮ್ಮನ, ಜೊತೆ ಒಂದು ಮಾತು ಆಗಿರಲಿ: ಅವತ್ತು ಯಾವ ಕಾಗದಕ್ಕೂ ಸಹಿ ಇಲ್ಲ. ಚೆಕ್ ಬುಕ್, ಪಾನ್ ಕಾರ್ಡು ಮನೆಯಲ್ಲೇ ಇರಲಿ. ಇಷ್ಟು ಗಟ್ಟಿಯಿದ್ದರೆ ಶಿರಸಿಯ ಕಲ್ಯಾಣ ಮಂಟಪದಲ್ಲಿ ನಡೆಯುವ 'ಉಚಿತ ಹಣಕಾಸು ಮಾಹಿತಿ ಶಿಬಿರ'ಕ್ಕೆ ಧಾರಾಳವಾಗಿ ಹೋಗಿ. ಊಟವೂ ಇರುತ್ತದೆ.

ಅಸಲಿ ಕೆಲಸ ಇರುವುದು ಹಿಂದಿನ ದಿನ ಸಂಜೆ. ಕಪಾಟಿನಿಂದ ಪಾಸ್‌ಬುಕ್ಕುಗಳನ್ನೆಲ್ಲ ಹೊರಗೆ ತೆಗೆಸಿ. ನಮ್ಮ ಆಯಿಯ ಹತ್ತಿರ ಅವೆಲ್ಲ ಬಂಗಾರದಂಗಡಿಯ ಒಂದು ಹಳೇ ಚೀಲದಲ್ಲಿದ್ದವು: ಪೋಸ್ಟ್ ಆಫೀಸಿನದು, ಬ್ಯಾಂಕಿನದು, ಊರಿನ ಸಹಕಾರಿ ಸೊಸೈಟಿಯ ಠೇವು (ಠೇವಣಿ) ರಶೀದಿ, ಅವಧಿ ಮುಗಿದ ವಿಮೆ ಬಾಂಡು. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಎಲ್ಲಿದೆ, ಎಷ್ಟಿದೆ, ಯಾವಾಗ ಮುಗಿಯುತ್ತದೆ, ನಾಮಿನಿ ಯಾರು. ಆ ಕೊನೆಯ ಕಾಲಮ್ಮೇ ಮುಖ್ಯ. ನಮ್ಮಲ್ಲಿ ಎರಡು ಕಡೆ ತೀರಿಕೊಂಡ ಅಪ್ಪನ ಹೆಸರೇ ಕೂತಿತ್ತು. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಇಡಬಹುದು. ಹಾಗಾಗಿ ಮಗನೋ ಮಗಳೋ ಅಂತ ಜಗಳ ಮಾಡಬೇಕಾಗಿಲ್ಲ.

ಸಾಲವನ್ನೂ ಬರೆಯಿರಿ. ಬೆಳೆಸಾಲ, ಸೊಸೈಟಿಯಲ್ಲಿ ಸದಸ್ಯರ ಖಾತೆಯ ಮೇಲೆ ತೆಗೆದ ಆಸಾಮಿ ಸಾಲ ಬಿಟ್ಟು ಬರೀ ಠೇವು ಲೆಕ್ಕ ಹಾಕಿದರೆ ಎಲ್ಲರೂ ಶ್ರೀಮಂತರೇ.

ಇಲ್ಲೇ ಇನ್ನೊಂದು ವಿಷಯ. ಬ್ಯಾಂಕಿನಲ್ಲಿಟ್ಟ ಹಣಕ್ಕೆ, ಸಹಕಾರಿ ಬ್ಯಾಂಕೂ ಸೇರಿ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿ ತನಕ ಠೇವಣಿ ವಿಮೆ ಇದೆ. ಊರಿನ ಸೊಸೈಟಿಯ ಠೇವಿಗೆ ಆ ವಿಮೆ ಇಲ್ಲ. ಸೊಸೈಟಿ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಅಡಿಕೆ, ಗೊಬ್ಬರ, ಸಾಲ ಎಲ್ಲ ಅಲ್ಲೇ ನಡೆಯುವುದು. ಆದರೆ ಇದ್ದಬದ್ದದ್ದೆಲ್ಲ ಅಲ್ಲೇ ಇದ್ದರೆ ಸ್ವಲ್ಪ ಯೋಚನೆ ಮಾಡಬೇಕು, ಅಲ್ವಾ?

ಸಭಾಂಗಣದಲ್ಲಿ ಮುಂದಿನ ಸಾಲಲ್ಲಿ ಕೂರಿಸಿ, ಕಿವಿಗೆ ಅನುಕೂಲ. ಭಾಷಣ ಮಾಡುವವರಿಗೆ ಒಂದು ಚಾಳಿ ಇದೆ. ದುಡ್ಡು ಆಯಿಯದು, ಮಾತು ಮಾತ್ರ ಪಕ್ಕದಲ್ಲಿ ಕೂತ ಮಗನ ಜೊತೆ. ನೀವು ಉತ್ತರ ಕೊಡಬೇಡಿ, ಆಯಿಯ ಕಡೆ ನೋಡಿ. ನಮ್ಮಲ್ಲಿ ಪರದೆಯ ಮೇಲೆ ಒಂದು ಗೆರೆ ಏರುತ್ತಾ ಏರುತ್ತಾ ಮೂಲೆ ಮುಟ್ಟಿತ್ತು. ಆಯಿ ನನ್ನ ಕಿವಿಯಲ್ಲಿ, "ತಮಾ, ಈ ಗೆರೆ ಇಳಿಯದೇ ಇಲ್ಯ?" ಅಂದಳು. ಚಾಲಿ, ರಾಶಿ ಅಡಿಕೆಯ ದರದ ಏರಿಳಿತ ನೋಡುತ್ತಲೇ ಸಂಸಾರ ಮಾಡಿದವಳು. "ನೀನೇ ಕೇಳು" ಅಂದೆ. ಕೇಳಿದಳು. "ಹದಿನೈದು ವರ್ಷ ಕಾದರೆ ಏರೇ ಏರುತ್ತೆ ಅಮ್ಮಾ" ಅಂದರು ಅವರು. "ನಂಗೆ ಈಗಲೇ ಎಪ್ಪತ್ತೊಂದು" ಅಂದಳು ಆಯಿ. ಹಿಂದಿನ ಸಾಲಿನವರೆಲ್ಲ ನಕ್ಕರು. ನಿಜಕ್ಕೂ ಅವತ್ತಿನ ಒಳ್ಳೇ ಪ್ರಶ್ನೆ ಅದೇ.

ನೀವು ಕೇಳಬೇಕಾದದ್ದು ಬೇರೆ: "ನಿಮಗೆ ದುಡ್ಡು ಎಲ್ಲಿಂದ ಬರುತ್ತೆ?" ಸಂಕೋಚ ಬೇಡ. ಶೇರು ಮಾರುಕಟ್ಟೆಯ ಮೇಲ್ವಿಚಾರಣೆ ನೋಡುವ ಸೆಬಿಯಲ್ಲಿ ನೋಂದಾಯಿಸಿದ ಹೂಡಿಕೆ ಸಲಹೆಗಾರರ ನಂಬರು 'ಐಎನ್ಎ' ಅಂತ ಶುರುವಾಗುತ್ತದೆ. ಅವರಿಗೆ ನಾವು ಫೀ ಕೊಡುತ್ತೇವೆ. 'ಎಆರ್‌ಎನ್' ನಂಬರಿನವರು ಮ್ಯೂಚುವಲ್ ಫಂಡ್ ಮಾರುವವರು, ಅವರಿಗೆ ಕಂಪನಿ ಕಮಿಷನ್ ಕೊಡುತ್ತದೆ. ಅದು ತಪ್ಪಲ್ಲ, ಆದರೆ ನಮಗೆ ಗೊತ್ತಿರಬೇಕು. ನಂಬರು ಬರೆದುಕೊಂಡು ಬಂದು, ಅದನ್ನು ಕೊಟ್ಟ ಸಂಸ್ಥೆಯ ವೆಬ್‌ಸೈಟಿನಲ್ಲಿ ತಾಳೆ ನೋಡಿ. ಶೇರು ಮಾರುಕಟ್ಟೆಯ ವಿಷಯದಲ್ಲಿ "ಗ್ಯಾರಂಟಿ ಲಾಭ" ಅಂದರೆ ಊಟ ಮುಗಿಸಿ ಎದ್ದು ಬನ್ನಿ.

ಹೋಲಿಸಲು ಕೈಯಲ್ಲಿ ಒಂದು ಅಳತೆ ಬೇಕು. ಅದಕ್ಕೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಸಾಕು. 60 ದಾಟಿದವರಿಗೆ, 30 ಲಕ್ಷದ ತನಕ, 5 ವರ್ಷಕ್ಕೆ. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ. 8.2 ಆಯಿತು. ದರವನ್ನು ಸರಕಾರ ಆಗಾಗ ಪರಿಶೀಲಿಸುತ್ತದೆ, ಆದರೆ ಹಣ ಇಟ್ಟ ದಿನದ ದರವೇ ಐದು ವರ್ಷವೂ ಸಿಗುತ್ತದೆ. ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ. ಬೇರೆ ಏನೇ ತೋರಿಸಿದರೂ ಇದಕ್ಕಿಂತ ಎಷ್ಟು ಜಾಸ್ತಿ, ಎಷ್ಟು ಅಪಾಯಕ್ಕೆ ಅಂತ ಕೇಳಿ.

ಊಟಕ್ಕೆ ಮುಂಚೆ ಒಂದು ಫಾರ್ಮ್ ಬರುತ್ತದೆ. 'ಕಾರ್ಯಕ್ರಮ ಹೇಗಿತ್ತು' ಅಂತ ಮೇಲೆ, ಕೆಳಗೆ ಮೊಬೈಲ್ ನಂಬರು, ಎಷ್ಟು ಎಕರೆ ತೋಟ, ವರ್ಷದ ಆದಾಯ. ಹೆಸರು ಬರೆದರೆ ಸಾಕು. ನಂಬರು ಕೊಡಲೇಬೇಕು ಅಂದರೆ ನಿಮ್ಮದನ್ನು ಕೊಡಿ. ಆಯಿಯದ್ದು ಕೊಟ್ಟರೆ ಮಧ್ಯಾಹ್ನ ನೀವು ತೋಟದಲ್ಲಿರುವ ಹೊತ್ತಿಗೇ ಮನೆಗೆ ಬ್ಯಾಗು ಹಿಡಿದವರು ಬರುತ್ತಾರೆ.

ಅಷ್ಟಾಗಿಯೂ ಯಾವುದೋ ವಿಮೆಗೆ ಸಹಿ ಬಿದ್ದುಹೋಗಿದ್ದರೆ ಗಾಬರಿ ಬೇಡ. ಪಾಲಿಸಿ ಕೈಗೆ ಬಂದು 30 ದಿನದೊಳಗೆ ಬೇಡ ಅಂತ ಬರೆದುಕೊಟ್ಟರೆ, ಸಣ್ಣಪುಟ್ಟ ಖರ್ಚು ಹಿಡಿದು ಉಳಿದ ಹಣ ವಾಪಸ್ ಕೊಡಬೇಕು. ಪಾಲಿಸಿ ಬಂದ ತಾರೀಕನ್ನು ಕವರಿನ ಮೇಲೆ ಅವತ್ತೇ ಬರೆದಿಡಿ. ಪತ್ರ ಕೊಟ್ಟಾಗ ಅದರ ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.