ಜೀನ್ಸ್ ರೇಟ್ ಪಟ್ಟಿ ಮತ್ತು ಸೆಲ್‌ಗಳ ನಡುವಿನ ಜಾಗ

ಬಳ್ಳಾರಿಯ ಜೀನ್ಸ್ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡುವಾಗ ನನ್ನ ಹೊತ್ತು ಜಾಸ್ತಿ ಹೋಗುವುದು ಸೈಜ್ ಪಟ್ಟಿಗೆ. ಹೋಲ್‌ಸೇಲ್ ಗಿರಾಕಿ ಫೋಟೋ ಮೇಲೆ ಒಂದು ಕಣ್ಣು ಹಾಯಿಸಿ ಸೀದಾ ಅಲ್ಲಿಗೇ ಬರುತ್ತಾರೆ. ಎಡಕ್ಕೆ ಡಿಸೈನ್ ನಂಬರು, ಆಮೇಲೆ 28, 30, 32, 34, 36 ಸೊಂಟದ ಅಳತೆ, ಕೊನೆಗೆ ರೇಟು. ಕೌಲ್ ಬಜಾರಿನ ಒಬ್ಬ ವ್ಯಾಪಾರಿ ಮೊದಲ ನಮೂನೆ ನೋಡಿ, "ಅಂಕಿ ಎಲ್ಲಾ ಅಂಟಿಕೊಂಡಾವಲ್ರೀ, ಸ್ವಲ್ಪ ಜಾಗ ಬಿಡ್ರಿ" ಅಂದರು.

ಜಾಗ ಎಲ್ಲಿ ಬೇಕು ಅನ್ನುವುದೇ ಇಲ್ಲಿ ಪ್ರಶ್ನೆ. ಪುಟ ಹೇಗೆ ಕಾಣಬೇಕು ಅಂತ ಬರೆಯುವ ಸಿಎಸ್‌ಎಸ್‌ನಲ್ಲಿ ಇದಕ್ಕೆ ಬೇರೆ ಬೇರೆ ಸೂಚನೆಗಳಿವೆ. ಅಂಕಿಗೂ ಅದರ ಸುತ್ತಲಿನ ಗೆರೆಗೂ ನಡುವೆ ಬೇಕಿದ್ದರೆ ಪ್ಯಾಡಿಂಗ್. ಒಂದು ಸೆಲ್‌ಗೂ (ಅಂದರೆ ಪಟ್ಟಿಯ ಒಂದು ಮನೆಗೂ) ಪಕ್ಕದ ಸೆಲ್‌ಗೂ ನಡುವೆ ಬೇಕಿದ್ದರೆ ಬಾರ್ಡರ್-ಸ್ಪೇಸಿಂಗ್. ಹೊರಗಿನ ಜಾಗ ಬಿಡುವ ಮಾರ್ಜಿನ್ ಅಂತೂ ಟೇಬಲ್ ಸೆಲ್‌ಗೆ ಲೆಕ್ಕಕ್ಕೇ ಇಲ್ಲ, ಎಷ್ಟು ಕೊಟ್ಟರೂ ಜಗ್ಗುವುದಿಲ್ಲ. ನಾವು ಏನೂ ಬರೆಯದಿದ್ದರೆ ಬ್ರೌಸರ್ ಸೆಲ್ ಒಳಗೆ 1 ಪಿಕ್ಸೆಲ್, ಸೆಲ್‌ಗಳ ನಡುವೆ 2 ಪಿಕ್ಸೆಲ್ ಬಿಡುತ್ತದೆ. ಅಂಕಿ ಅಂಟಿದಂತೆ ಕಾಣದೆ ಇನ್ನೇನು?

ಅವರಿಗೆ ಬೇಕಿದ್ದದ್ದು ಒಳಗಿನ ಜಾಗ. ಬಾರ್ಡರ್-ಕೊಲ್ಯಾಪ್ಸ್ ಹಾಕಿ ಜೋಡಿ ಗೆರೆಗಳನ್ನು ಒಂದು ಮಾಡಿದೆ. ಮೇಲೆ ಕೆಳಗೆ 10, ಎಡ ಬಲಕ್ಕೆ 14 ಪಿಕ್ಸೆಲ್ ಪ್ಯಾಡಿಂಗ್ ಕೊಟ್ಟೆ. ರೇಟಿನ ಅಂಕಿಗಳನ್ನು ಬಲಕ್ಕೆ ಸರಿಸಿದೆ. ದೊಡ್ಡ ಪರದೆಯಲ್ಲಿ ಇಷ್ಟು ಸಾಕು. ಆದರೆ ಬಹುತೇಕ ಗಿರಾಕಿಗಳು ನೋಡುವುದು ಫೋನಿನಲ್ಲಿ, ಅಲ್ವಾ? ಏಳು ಕಾಲಂಗೆ ಅಕ್ಕಪಕ್ಕದ ಪ್ಯಾಡಿಂಗೇ 196 ಪಿಕ್ಸೆಲ್ ತಿನ್ನುತ್ತದೆ. 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಖಾಲಿ! ಅದಕ್ಕೆ ಚಿಕ್ಕ ಪರದೆಗೆ 14 ಅನ್ನು 6ಕ್ಕೆ ಇಳಿಸಿದೆ. ಮೇಲೆ ಕೆಳಗಿನ 10 ಹಾಗೇ ಇರಲಿ, ಬೆರಳಿಗೆ ಅನುಕೂಲ.

ಸ್ಟಾಕ್ ಪುಟದ ಕಥೆ ಬೇರೆ. ಅಲ್ಲಿ ಪ್ರತಿ ಸೈಜೂ ಬಣ್ಣದ ಬಿಡಿ ಬಿಲ್ಲೆಯಂತೆ ಕಾಣಬೇಕಿತ್ತು. ಇಂಥಲ್ಲಿ ಮಾತ್ರ ನಾನು ಬಾರ್ಡರ್-ಸ್ಪೇಸಿಂಗ್ ಬಳಸುತ್ತೇನೆ. ಎರಡು ಅಳತೆ ಕೊಟ್ಟರೆ ಮೊದಲನೆಯದು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ಆದರೆ ಬಾರ್ಡರ್-ಕೊಲ್ಯಾಪ್ಸ್‌ಗೆ ಕೊಲ್ಯಾಪ್ಸ್ ಬದಲು ಸೆಪರೇಟ್ ಅಂತ ಕೊಟ್ಟಿರಬೇಕು, ಇಲ್ಲದಿದ್ದರೆ ಬಾರ್ಡರ್-ಸ್ಪೇಸಿಂಗ್ ಕೆಲಸವೇ ಮಾಡದು. ಬೂಟ್‌ಸ್ಟ್ರಾಪ್ ಅನ್ನುವ ಸಿದ್ಧ ಸಿಎಸ್‌ಎಸ್ ಕಟ್ಟು ಬಳಸುವವರು ಇದನ್ನು ಗಮನಿಸಿ: ಅದು ಎಲ್ಲ ಟೇಬಲ್‌ಗಳಿಗೂ ಕೊಲ್ಯಾಪ್ಸ್ ಹಾಕಿಟ್ಟಿರುತ್ತದೆ. ಸುಮ್ನೆ ಅಳತೆ ಹೆಚ್ಚಿಸುತ್ತಾ ಕೂತರೆ ಏನೂ ಆಗುವುದಿಲ್ಲ.

ಇನ್ನೊಂದು ಕಿರಿಕಿರಿ ಇದೆ. ಬಾರ್ಡರ್-ಸ್ಪೇಸಿಂಗ್‌ನ ಜಾಗ ಟೇಬಲ್‌ನ ಹೊರ ಅಂಚಿಗೂ ಬರುತ್ತದೆ. 8 ಪಿಕ್ಸೆಲ್ ಕೊಟ್ಟೆ, ಮೇಲಿನ ಹೆಡಿಂಗಿಗಿಂತ ಬಿಲ್ಲೆಗಳು ಅಷ್ಟು ಒಳಗೆ ಸರಿದವು. ಎಡ ಬಲಕ್ಕೆ ಮೈನಸ್ 8 ಮಾರ್ಜಿನ್ ಕೊಟ್ಟು, ಅಗಲವನ್ನು ನೂರು ಪರ್ಸೆಂಟ್‌ಗೆ 16 ಪಿಕ್ಸೆಲ್ ಕೂಡಿಸಿ ಬರೆದ ಮೇಲೆ ಸಾಲು ಸರಿಹೋಯಿತು. ಹೌದು, ಮಾರ್ಜಿನ್ ಸೆಲ್‌ಗೆ ನಡೆಯದಿದ್ದರೂ ಟೇಬಲ್‌ಗೆ ನಡೆಯುತ್ತದೆ. ಸಾಲು ಬಿಟ್ಟು ಸಾಲಿಗೆ ಬಣ್ಣ ಬೇಕು ಅಂತಲೂ ಆ ವ್ಯಾಪಾರಿ ಕೇಳಿದ್ದರು. ಅದನ್ನು ಬೇಡ ಅಂದೆ. ಸಾಲಿನ ಬಣ್ಣ ಸೆಲ್‌ಗಳ ನಡುವಿನ ಸಂದಿಯಲ್ಲಿ ಕಾಣುವುದಿಲ್ಲ, ತುಂಡು ತುಂಡಾಗುತ್ತದೆ.

ಟೇಬಲ್ ಟ್ಯಾಗ್‌ನಲ್ಲೇ ಬರೆಯುವ ಹಳೆಯ ಸೆಲ್‌ಸ್ಪೇಸಿಂಗ್, ಸೆಲ್‌ಪ್ಯಾಡಿಂಗ್ ಎಚ್‌ಟಿಎಂಎಲ್ 5ರಲ್ಲಿ ಬಳಕೆ ತಪ್ಪಿವೆ, ಆದರೂ ಬ್ರೌಸರ್‌ಗಳು ಇನ್ನೂ ಒಪ್ಪುತ್ತವೆ. ವೆಬ್ ಪುಟದಲ್ಲಿ ನಾನು ಅವನ್ನು ಮುಟ್ಟುವುದಿಲ್ಲ. ಅದೇ ರೇಟ್ ಪಟ್ಟಿಯನ್ನು ಇಮೇಲ್‌ನಲ್ಲಿ ಕಳಿಸುವುದಿದ್ದರೆ ಮಾತ್ರ ಎರಡನ್ನೂ ಸೊನ್ನೆ ಮಾಡಿ ಬರೆದು, ಪ್ಯಾಡಿಂಗನ್ನು ಪ್ರತಿ ಸೆಲ್‌ಗೂ ಬೇರೆಯಾಗಿ ಕೊಡುತ್ತೇನೆ.