ವೆಸ್ನಾತ್‌ನಲ್ಲಿ ಸ್ಕೆಲಿಟನ್ ಕಾಟ ತಪ್ಪಿದ್ದು ಹೀಗೆ

'ಬ್ಯಾಟಲ್ ಫಾರ್ ವೆಸ್ನಾತ್' ಅನ್ನೋ ಸರದಿ ಪ್ರಕಾರ ಆಡುವ ಕಂಪ್ಯೂಟರ್ ಯುದ್ಧದಾಟದಲ್ಲಿ ಲಾಯಲಿಸ್ಟ್ (ಮನುಷ್ಯರ) ಪಡೆ ಹಿಡಿದು ಅನ್‌ಡೆಡ್ (ಸತ್ತೆದ್ದವರ) ಪಡೆ ಎದುರು ಆಡುವಾಗ ನನಗಿದ್ದ ದೊಡ್ಡ ತಲೆನೋವು ಅದರ ಸ್ಕೆಲಿಟನ್‌ಗಳು, ಅಂದರೆ ಅಸ್ಥಿಪಂಜರ ಸೈನಿಕರು. ಈಟಿಯ ಪೆಟ್ಟನ್ನು 60%, ಕತ್ತಿಯದನ್ನು 40% ತಡೆದುಕೊಳ್ಳುತ್ತವೆ. ರಾತ್ರಿ ನಮ್ಮವರ ಬಲವೂ 25% ಕಮ್ಮಿ. ನಮ್ಮ ಈಟಿಯಾಳು ಸ್ಪಿಯರ್‌ಮನ್‌ನ 7ರ ಏಟು ಬರೀ 2ಕ್ಕೆ ಇಳಿಯುತ್ತದೆ! ಎಷ್ಟು ಜನ ನಿಂತರೇನು, ಸುಮ್ನೆ ಗೀರಿದ ಹಾಗೆ.

ಗದೆ ಹಿಡಿದ ಹೆವಿ ಇನ್‌ಫಂಟ್ರಿ ಸೈನಿಕ ಮತ್ತು ಬೆಂಕಿ ಎಸೆಯುವ ಮಂತ್ರವಾದಿಯನ್ನು ಕರೆಸಿದ ಮೇಲೆ ಆಟ ತಿರುಗಿತು. ಗದೆ, ಬೆಂಕಿ ಎರಡರಿಂದಲೂ ಸ್ಕೆಲಿಟನ್‌ಗೆ 20% ಜಾಸ್ತಿ ಪೆಟ್ಟು. ಎದುರಾಳಿ ಎಂಥ ನೆಲದಲ್ಲಿ ನಿಂತಿದ್ದರೂ ಮಂತ್ರವಾದಿಯ ಏಟು ತಗಲುವ ಸಾಧ್ಯತೆ 70%. ಆದರೆ ಆಸಾಮಿ ಬಲು ನಾಜೂಕು, ಹೊಡೆದ ಮೇಲೆ ಮುಂದೆ ಬಿಡಬಾರದು. ಹೆವಿ ಇನ್‌ಫಂಟ್ರಿ ನಡೆಯುವುದು ನಿಧಾನ, ಹಾಗಾಗಿ ಅವನನ್ನು ಬೇಗನೇ ಹೊರಡಿಸಿದೆ.

ಕತ್ತಲಾದರೆ ಹಳ್ಳಿಗಳಿಗೆ ಹಿಂದೆ ಸರಿಯುವುದು. ಅಲ್ಲಿ ಪ್ರತಿ ಸರದಿಗೂ 8 ಹಿಟ್‌ಪಾಯಿಂಟ್ (ಜೀವಬಲ) ವಾಪಸ್ ಬರುತ್ತದೆ. ಬೆಳಕು ಹರಿದ ಕೂಡಲೇ ದಾಳಿ.

ಉಳಿದ ಸ್ಪಿಯರ್‌ಮನ್‌ಗಳನ್ನು ಎದುರಾಳಿಯ ಮಾಟಗಾರರಾದ ಡಾರ್ಕ್ ಅಡೆಪ್ಟ್‌ಗಳ ಮೇಲೆ ಬಿಟ್ಟೆ. ಹತ್ತಿರ ಹೋಗಿ ಹೊಡೆದರೆ ಅವರು ತಿರುಗಿ ಹೊಡೆಯುವುದೇ ಇಲ್ಲ. ಬಿಟ್ಟಿ ಏಟು, ಯಾರು ಬೇಡ ಅಂತಾರೆ?