ಹಬ್ಬ ಮುಗಿದ ಮೇಲೂ ಫಾದರ್ ಜೊತೆಗಿರುವುದು ಹೇಗೆ?

ಡಿಸೆಂಬರ್ 25ರ ಬೆಳಗ್ಗೆ ಚರ್ಚಿನ ಗುರುಗಳ ಮನೆಯ ಊಟದ ಮೇಜು ನೋಡಿದ್ದೀರಾ? ಪ್ಲಮ್ ಕೇಕು, ಕಜ್ಜಾಯ, ರೋಸ್ ಕುಕ್ಕಿ, ಕಲ್ಕಲ್. ಒಂದು ಲೋಟ ಇಡಲೂ ಜಾಗ ಇರುವುದಿಲ್ಲ. ಅದೇ ಮನೆಗೆ ನಾನು ಜೂನ್ ತಿಂಗಳ ಒಂದು ಮಂಗಳವಾರ ರಾತ್ರಿ ಹೋಗಿದ್ದೆ, ಅಮ್ಮನ ವರ್ಷದ ಪೂಜೆ ಬರೆಸಲು. ಅಡುಗೆಯವರು ಊರಿಗೆ ಹೋಗಿ ನಾಲ್ಕು ದಿನವಾಗಿತ್ತಂತೆ. ಫಾದರ್ ಮುಂದೆ ಒಂದು ತಟ್ಟೆಯಲ್ಲಿ ಬ್ರೆಡ್ಡು, ಪಕ್ಕದಲ್ಲಿ ಚಹಾ. ನಮ್ಮ ಮನೆ ಅಲ್ಲಿಂದ ಎರಡೇ ರಸ್ತೆ ಆಚೆ.

ಬೆಂಗಳೂರಿನ ಕಥೋಲಿಕರಿಗೆ ಗುರುಗಳ ಮೇಲೆ ಪ್ರೀತಿ ಕಡಿಮೆ ಇಲ್ಲ. ಆದರೆ ಆ ಪ್ರೀತಿ ಕ್ರಿಸ್ಮಸ್‌ಗೆ, ಧರ್ಮಕೇಂದ್ರದ (ಪ್ಯಾರಿಷ್) ಹಬ್ಬಕ್ಕೆ ಒಟ್ಟಿಗೆ ಸುರಿಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಮಿಕ್ಕ ದಿನಗಳಿಗೆ ಅದನ್ನು ಹಂಚುವುದು ಹೇಗೆ ಅಂತ ಆ ರಾತ್ರಿಯಿಂದ ಯೋಚಿಸುತ್ತಿದ್ದೇನೆ. ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಅವರ ವಾರ ಹೇಗಿದೆ ನೋಡಿ

ಧರ್ಮಕೇಂದ್ರದ ಕಚೇರಿ ಮುಂದಿನ ಬೋರ್ಡ್ ಓದಿ. ಭಾನುವಾರ ಕನ್ನಡದಲ್ಲಿ ಒಂದು ಪೂಜೆ, ತಮಿಳಿನಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಕೆಲವು ಕಡೆ ಕೊಂಕಣಿ, ಮಲಯಾಳ ಬೇರೆ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನಿನ ಪ್ರಕಾರ ಒಬ್ಬ ಗುರು ಸಾಮಾನ್ಯವಾಗಿ ದಿನಕ್ಕೆ ಒಂದೇ ಬಲಿಪೂಜೆ ಅರ್ಪಿಸಬೇಕು. ಗುರುಗಳು ಸಾಲದಿದ್ದಾಗ ಧರ್ಮಾಧ್ಯಕ್ಷರು (ಬಿಷಪ್) ಎರಡಕ್ಕೆ, ಭಾನುವಾರ ಅಗತ್ಯವಿದ್ದರೆ ಮೂರಕ್ಕೆ ಅನುಮತಿ ಕೊಡಬಹುದು. ಒಂದೇ ಬೆಳಗ್ಗೆ ಎರಡು ಮೂರು ಭಾಷೆಯಲ್ಲಿ ಪ್ರಬೋಧನೆ (ಪೂಜೆಯ ನಡುವಿನ ಉಪದೇಶ) ಮಾಡಿ, ಆಮೇಲೆ ಜ್ಞಾನಸ್ನಾನ, ಆಮೇಲೆ ಯುವಕರ ಸಭೆ. ವಾರದ ನಡುವೆ ಯಾರದಾದರೂ ಅಂತ್ಯಕ್ರಿಯೆ ಬಂದರೆ ಟ್ರಾಫಿಕ್ಕಿನಲ್ಲಿ ಹೊಸೂರು ರಸ್ತೆಯ ಸ್ಮಶಾನಕ್ಕೆ ಹೋಗಿಬರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಶಾಲೆಗಳ ಅಡ್ಮಿಷನ್ ಶುರುವಾದರೆ ಫಾದರ್ ಕೊಡುವ ಶಿಫಾರಸು ಪತ್ರಕ್ಕಾಗಿ ಕ್ಯೂ ನಿಂತಿರುತ್ತದೆ.

ನಾನೂ ಒಮ್ಮೆ ಭಾನುವಾರ ಮಧ್ಯಾಹ್ನ ಎರಡಕ್ಕೆ ಆ ಪತ್ರಕ್ಕೆಂದೇ ಬಾಗಿಲು ತಟ್ಟಿದ್ದೆ. ಅವರು ಎದ್ದು ಬಂದು ಸಹಿ ಹಾಕಿಕೊಟ್ಟರು. ಊಟ ಆಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕಚೇರಿ ಸಮಯ ಬೋರ್ಡಿನಲ್ಲೇ ಬರೆದಿತ್ತು.

ಇದಕ್ಕೆ ಒಂದು ವಿನಾಯಿತಿ ಇದೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಹೊತ್ತು ನೋಡಬೇಡಿ, ಫೋನ್ ಮಾಡಿ. ರೋಗಿಗಳ ಅಭ್ಯಂಗ, ಅಂದರೆ ಕಾಯಿಲೆಯವರಿಗೆ ತೈಲ ಹಚ್ಚಿ ಪ್ರಾರ್ಥಿಸುವುದು, ಕೊನೆಯುಸಿರಿನ ಸಂಸ್ಕಾರ ಅಂತ ಸುಮ್ಮನೆ ಕಾಯುವವರು ಈಗಲೂ ಇದ್ದಾರೆ. ರೋಗಿಗೆ ಮಾತಾಡುವ ಶಕ್ತಿ ಇರುವಾಗಲೇ ಕರೆಯಿರಿ, ಪಾಪನಿವೇದನೆಗೂ ಅವಕಾಶ ಸಿಗುತ್ತದೆ. ರಾತ್ರಿಯಾದರೆ ಕರೆದುಕೊಂಡು ಬರಲು ಗಾಡಿ ಕಳಿಸಿ. ಹಾಸಿಗೆ ಪಕ್ಕ ಬಿಳಿ ಬಟ್ಟೆ ಹಾಸಿದ ಸಣ್ಣ ಮೇಜು, ಶಿಲುಬೆ, ಮೇಣದಬತ್ತಿ ಇಟ್ಟಿರಿ. ಟಿವಿ ಆರಿಸಿ.

ಧರ್ಮಕೇಂದ್ರದ ಗುರುಗಳಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆಯ ಹಕ್ಕು ಇದೆ. ಅವರು ರಜೆ ಹಾಕಿದಾಗ "ಫಾದರ್ ಎಲ್ಲಿ ಕಾಣ್ತಾನೇ ಇಲ್ಲ" ಅಂತ ರಾಗ ಎಳೆಯಬೇಡಿ. "ಹೋಗಿ ಬನ್ನಿ ಫಾದರ್, ಅಮ್ಮನ್ನ ಕೇಳಿದೆ ಅನ್ನಿ" ಎಂದರೆ ಸಾಕು. ಕ್ರಿಸ್ಮಸ್ ರಾತ್ರಿ ನಾವೆಲ್ಲ ಮನೆಮಂದಿ ಜೊತೆ ಕೂತಿರುವಾಗ ಅವರ ತಾಯಿ ಕನಕಪುರದ ಹಾರೋಬೆಲೆಯಂಥ ಊರಲ್ಲಿ ಮಗನಿಲ್ಲದೆ ಹಬ್ಬ ಮಾಡಿರುತ್ತಾರೆ.

ಪ್ರಬೋಧನೆ ಬಗ್ಗೆ ಒಂದು ಮಾತು ಹೇಳಿ

ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ದುಡ್ಡೂ ಬೇಡ, ಹೆಚ್ಚು ಸಮಯವೂ ಬೇಡ. ಪೂಜೆ ಮುಗಿದ ಮೇಲೆ ಬಾಗಿಲ ಬಳಿ ನಾವು "ಚೆನ್ನಾಗಿತ್ತು ಫಾದರ್" ಎಂದು ಕೈಮುಗಿದು ಹೋಗುತ್ತೇವೆ. ಅವರೂ ನಗುತ್ತಾರೆ. ಏನು ಚೆನ್ನಾಗಿತ್ತು ಅಂತ ಅವರಿಗೆ ಗೊತ್ತಾಗುವುದಿಲ್ಲ. ಮೈಕು ಚೆನ್ನಾಗಿತ್ತಾ, ಬೇಗ ಮುಗಿದಿದ್ದು ಚೆನ್ನಾಗಿತ್ತಾ?

ಒಂದು ವಾರ ಹೀಗೆ ಮಾಡಿ ನೋಡಿ. ಪ್ರಬೋಧನೆ ಕೇಳುವಾಗ ಒಂದೇ ಒಂದು ಮಾತು ಹಿಡಿದಿಟ್ಟುಕೊಳ್ಳಿ. ಭಾನುವಾರವೇ ಹೇಳಬೇಡಿ. ಬುಧವಾರವೋ ಗುರುವಾರವೋ ಸಿಕ್ಕಾಗ, ಅಥವಾ ಮೆಸೇಜಿನಲ್ಲಿ ಹೇಳಿ: "ಫಾದರ್, ಬೈಬಲಿನ ದುಂದುಗಾರ ಮಗನ ಕಥೆಯಲ್ಲಿ ಅಣ್ಣನ ಬಗ್ಗೆ ಹೇಳಿದ್ರಲ್ಲ, ನನ್ನ ತಮ್ಮನಿಗೆ ಫೋನ್ ಮಾಡಿದೆ. ಮೂರು ವರ್ಷ ಮಾತಾಡಿರಲಿಲ್ಲ." ಹೇಳಿದ ಮಾತು ಒಂದು ಮನೆ ಮುಟ್ಟಿದೆ ಎಂದು ತಿಳಿದ ಗುರು ಮುಂದಿನ ಶನಿವಾರ ರಾತ್ರಿ ಇನ್ನಷ್ಟು ಮನಸ್ಸಿಟ್ಟು ಕೂತು ತಯಾರಿ ಮಾಡುತ್ತಾರೆ. ಇಷ್ಟವಾಗದಿದ್ದರೂ ಹೇಳಬಹುದು. "ಫಾದರ್, ಹಿಂದೆ ಕೂತ ವಯಸ್ಸಾದವರಿಗೆ ಅರ್ಥ ಆಗ್ತಿಲ್ಲ, ಸ್ವಲ್ಪ ನಿಧಾನ ಮಾಡ್ತೀರಾ?" ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. ಅದೇ ಮಾತನ್ನು ಗೇಟಿನ ಹೊರಗೆ ಹತ್ತು ಜನರ ಎದುರು ಆಡಿದರೆ ಮಾತ್ರ ಚುಚ್ಚುತ್ತದೆ.

ಒಂದು ಕೆಲಸ ಹೊತ್ತುಕೊಳ್ಳಿ

ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಂಥ ಕಡೆ ಗುರುಗಳಾಗುವವರು ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದುತ್ತಾರೆ. ಬೋರ್‌ವೆಲ್ ಮೋಟಾರು ಸುಟ್ಟರೆ ಏನು ಮಾಡಬೇಕು ಅಂತ ಅಲ್ಲಿ ಹೇಳಿಕೊಡುವುದಿಲ್ಲ. ಆದರೆ ಧರ್ಮಕೇಂದ್ರಕ್ಕೆ ಬಂದ ಮೇಲೆ ಮೋಟಾರು, ಪಾಲಿಕೆಯ ತೆರಿಗೆ, ಸೋರುವ ಚಾವಣಿ, ಆಡಿಟ್ ಎಲ್ಲ ಅವರ ತಲೆ ಮೇಲೆ. ಪೂಜೆಗೆ ಬರುವವರಲ್ಲೇ ಇಂಜಿನಿಯರು, ಲೆಕ್ಕಪರಿಶೋಧಕರು, ವಕೀಲರು, ಪ್ಲಂಬರ್ ಎಲ್ಲರೂ ಇರುತ್ತಾರೆ ಅಲ್ವಾ? ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಅದರಲ್ಲಿ ಕೂತು ಲೆಕ್ಕ ನೋಡುವುದು ಶ್ರೀಸಾಮಾನ್ಯರ ಕೆಲಸ.

ಕೇಳುವ ರೀತಿ ಮುಖ್ಯ. "ಏನಾದ್ರೂ ಬೇಕಿದ್ರೆ ಹೇಳಿ ಫಾದರ್" ಎಂದರೆ ಅವರು ಹೇಳುವುದೇ ಇಲ್ಲ. ಸಂಕೋಚ. ಹೀಗೆ ಹೇಳಿ: "ತಿಂಗಳ ಎರಡನೇ ಶನಿವಾರ ಮೂರು ಗಂಟೆಗೆ ಬರ್ತೀನಿ. ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಜನರೇಟರ್ ನನಗೆ ಬಿಡಿ." ಹೇಳಿದ ಮೇಲೆ ತಪ್ಪದೆ ಹೋಗಿ.

ಊಟವೂ ಹಾಗೆಯೇ. ಮೊದಲು ಅಡುಗೆಯವರ ರಜೆ ದಿನ ಕೇಳಿಕೊಳ್ಳಿ. ಆ ದಿನಕ್ಕೆ ವಾರ್ಡಿನ ನಾಲ್ಕೈದು ಮನೆಯವರು ಸರದಿ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆ, ಬಿಪಿ ಇದೆಯಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಬಿರಿಯಾನಿ ಎಲ್ಲರೂ ಕೊಡುತ್ತಾರೆ. ಚಳಿಗಾಲದಲ್ಲಿ ಬಿಸಿ ಮುದ್ದೆ, ಅವರೆಕಾಳು ಸಾರು ಕಳಿಸಿ ನೋಡಿ. ಮನೆಗೆ ಕರೆದರೆ ಮನೆಮಂದಿಯೆಲ್ಲ ಇರುವ ದಿನ ಕರೆಯಿರಿ. ಊಟದ ಹೊತ್ತಲ್ಲಿ ಸಮಿತಿ ಜಗಳ ತೆಗೆಯಬೇಡಿ. ಕ್ರಿಕೆಟ್ ಮಾತಾಡಿ, ಮಕ್ಕಳ ಪರೀಕ್ಷೆ ಮಾತಾಡಿ.

ಕಾಣಿಕೆ ಬಗ್ಗೆ ಒಂದೇ ಮಾತು. ಗುರುಗಳು ಪ್ರತಿ ಪೂಜೆಯ ಕಾಣಿಕೆಯನ್ನೂ ಜೇಬಿಗೆ ಹಾಕಿಕೊಳ್ಳುತ್ತಾರೆ ಅಂತ ಕೆಲವರು ತಿಳಿದಿದ್ದಾರೆ. ಎಷ್ಟೇ ಪೂಜೆ ಅರ್ಪಿಸಿದರೂ ದಿನಕ್ಕೆ ಒಂದರ ಕಾಣಿಕೆ ಮಾತ್ರ ಅವರದು. ಕ್ರಿಸ್ಮಸ್ ದಿನಕ್ಕೆ ಮಾತ್ರ ಬೇರೆ ನಿಯಮ.

ದೂರು ಇದ್ದರೆ

ಇರುತ್ತದೆ. ಬೆಂಗಳೂರಲ್ಲಿ ಪೂಜೆಯ ಭಾಷೆ, ಸಮಯದ ವಿಷಯಕ್ಕೇ ಮನಸ್ತಾಪ ಬರುತ್ತದೆ. ಫಾದರ್ ಎರಡು ಗುಂಪಿನ ನಡುವೆ ಸಿಕ್ಕಿಬೀಳುತ್ತಾರೆ. ಕನ್ನಡ ಪೂಜೆಗೆ ಒಳ್ಳೆಯ ಸಮಯ ಬೇಕು ಎಂದು ಕೇಳುವುದು ನ್ಯಾಯವೇ. ನಾನೂ ಕೇಳಿದ್ದೇನೆ. ನಮ್ಮ ಅಭಿಪ್ರಾಯವನ್ನು ಗೌರವದಿಂದ ಗುರುಗಳಿಗೆ ತಿಳಿಸುವ ಹಕ್ಕು ನಮಗಿದೆ, ಕೆಲವೊಮ್ಮೆ ಅದು ಕರ್ತವ್ಯ ಕೂಡ ಎಂದು 1983ರ ಧರ್ಮಸಭೆಯ ಕಾನೂನು ಹೇಳುತ್ತದೆ. ಮೊದಲು ಅವರ ಹತ್ತಿರವೇ ಹೋಗಿ, ಕೂತು ಮಾತಾಡಿ. ಆಗದಿದ್ದರೆ ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಮುಂದಿಡಿ. ಅಲ್ಲೂ ಆಗದಿದ್ದರೆ ಮಹಾಧರ್ಮಾಧ್ಯಕ್ಷರಿಗೆ ಹೆಸರು ಹಾಕಿ ಪತ್ರ ಬರೆಯಿರಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಬೇಡ.

ಇನ್ನೊಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಮಗುವಿಗೆ ಯಾರಿಂದಲಾದರೂ ಲೈಂಗಿಕ ಕಿರುಕುಳ ಆಗಿದೆ ಎಂದು ತಿಳಿದರೆ, ಅವರು ಗುರುಗಳೇ ಆಗಿದ್ದರೂ, ಮುಚ್ಚಿಡುವಂತಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಹೀಗೆ ಮಾಡಿದರೆ ಗುರುಗಳ ವಿರುದ್ಧ ನಿಂತಂತೆ ಅಂತ ಹೆದರುವವರಿದ್ದಾರೆ. ಒಳ್ಳೆಯ ಗುರುಗಳಿಗೂ ಇದೇ ಬೇಕು.

ಹೆಸರು ಹೇಳಿ ಪ್ರಾರ್ಥಿಸಿ

"ಎಲ್ಲ ಗುರುಗಳಿಗಾಗಿ" ಎನ್ನುವ ಬದಲು ಸಂಜೆ ಜಪಸರದಲ್ಲಿ ನಿಮ್ಮ ಫಾದರ್ ಹೆಸರು ಹೇಳಿ, ಮಕ್ಕಳೂ ಕೇಳಲಿ. ಕ್ಯಾಲೆಂಡರಿನಲ್ಲಿ ಮೂರು ದಿನ ಗುರುತು ಹಾಕಿ: ಅವರ ಗುರುದೀಕ್ಷೆಯ ದಿನ, ಅವರ ತಂದೆ ತಾಯಿ ತೀರಿಕೊಂಡಿದ್ದರೆ ಆ ದಿನ, ಮತ್ತು ಆಗಸ್ಟ್ 4. ಅದು ಧರ್ಮಕೇಂದ್ರಗಳ ಗುರುಗಳ ಪಾಲಕ ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬ. ಫ್ರಾನ್ಸಿನ ಆರ್ಸ್ ಎಂಬ ಸಣ್ಣ ಹಳ್ಳಿಯಲ್ಲಿ 1859ರಲ್ಲಿ ತೀರಿಕೊಂಡ ಅವರು ದಿನಕ್ಕೆ ಹತ್ತಕ್ಕೂ ಹೆಚ್ಚು ಗಂಟೆ ಪಾಪನಿವೇದನೆ ಕೇಳುತ್ತಿದ್ದರು. ಎಷ್ಟೋ ಸಲ ಆ ಊರು ಬಿಟ್ಟು ಹೋಗಬೇಕು ಅನ್ನಿಸಿತ್ತು ಅವರಿಗೂ.

ಪವಿತ್ರ ವಾರದಲ್ಲಿ ಕೋಲ್ಸ್ ರಸ್ತೆಯ ಸಂತ ಫ್ರಾನ್ಸಿಸ್ ಝೇವಿಯರ್ ಪ್ರಧಾನಾಲಯದಲ್ಲಿ ಮಹಾಧರ್ಮಾಧ್ಯಕ್ಷರು ಪವಿತ್ರ ತೈಲಗಳನ್ನು ಆಶೀರ್ವದಿಸುವ ಪೂಜೆಗೂ ಒಮ್ಮೆ ಹೋಗಿ. ಗುರುಗಳೆಲ್ಲ ಒಟ್ಟಿಗೆ ನಿಂತು ತಮ್ಮ ವಾಗ್ದಾನ ಹೊಸದಾಗಿ ಹೇಳುತ್ತಾರೆ. ನಂತರ ಅವರಿಗಾಗಿ ಪ್ರಾರ್ಥಿಸಿ ಎಂದು ಮಹಾಧರ್ಮಾಧ್ಯಕ್ಷರು ನಮ್ಮ ಕಡೆ ತಿರುಗಿ ಕೇಳುತ್ತಾರೆ.

ವರ್ಗವಾದಾಗ, ವಯಸ್ಸಾದಾಗ

ಕೆಲವು ವರ್ಷಕ್ಕೊಮ್ಮೆ ವರ್ಗ ಬರುತ್ತದೆ. ಹೊಸ ಫಾದರ್ ಎದುರು ಮೊದಲ ಆರು ತಿಂಗಳಾದರೂ "ಹಳೇ ಫಾದರ್ ಇದ್ದಾಗ" ಎಂದು ಶುರು ಮಾಡಬೇಡಿ. ಹೋದವರಿಗೆ ಅವರ ಹುಟ್ಟುಹಬ್ಬಕ್ಕೆ ಒಂದು ಫೋನ್ ಮಾಡಿ.

75 ತುಂಬಿದಾಗ ಧರ್ಮಕೇಂದ್ರದ ಗುರುಗಳು ರಾಜೀನಾಮೆ ಸಲ್ಲಿಸುತ್ತಾರೆ. ನಮಗೆ ಮೊದಲ ಪರಮಪ್ರಸಾದ ಕೊಟ್ಟವರು, ನಮ್ಮ ಮದುವೆ ಮಾಡಿಸಿದವರು ಈಗ ಎಲ್ಲಿದ್ದಾರೆ ಅಂತ ಕಚೇರಿಯಲ್ಲಿ ವಿಚಾರಿಸಿ. ನಮ್ಮ ಹಳೆಯ ಸ್ವಾಮಿಯವರನ್ನು ನೋಡಲು ಹೋದಾಗ ಅವರಿಗೆ ನನ್ನ ಹೆಸರು ನೆನಪಿರಲಿಲ್ಲ, ಆದರೆ ನಮ್ಮ ಅಮ್ಮ ಗಾಯನ ವೃಂದದಲ್ಲಿ ಹಾಡುತ್ತಿದ್ದುದು ನೆನಪಿತ್ತು. ನೀವು ಹೋಗುವುದಾದರೆ ಮೊದಲು ಫೋನ್ ಮಾಡಿ. ಊಟವಾದ ಮೇಲೆ ಮಲಗಿರುತ್ತಾರೆ, ಸಂಜೆ ನಾಲ್ಕರ ಮೇಲೆ ಹೋಗಿ. ಹಳೆಯ ಫೋಟೊ ಇದ್ದರೆ ತೆಗೆದುಕೊಂಡು ಹೋಗಿ.